ತೋಳಿಗೆ ಅಂಟಿಸುವ ಶುಗರ್ ಸೆನ್ಸರ್: ಮನೆ ತುಂಬ ಜನ ಇರುವವರು ಕೊಳ್ಳಬಹುದಾ?

ಕೊಳ್ಳಬಹುದು. ಆದರೆ ವರ್ಷಪೂರ್ತಿ ಎಲ್ಲರಿಗೂ ಬೇಕಾಗಿಲ್ಲ. ಇನ್ನೊಂದು ಮಾತು, ಅದು ತೋರಿಸುವ ಶುಗರ್ ಅಂಕಿ ಯಾರ ಯಾರ ಫೋನಿಗೆ ಹೋಗಬೇಕು ಅನ್ನುವುದನ್ನು ಅಂಟಿಸಿಕೊಂಡವರೇ ತೀರ್ಮಾನ ಮಾಡಬೇಕು. ಈ ಎರಡನೇ ಮಾತನ್ನು ಯಾವ ರಿವ್ಯೂನಲ್ಲೂ ನಾನು ನೋಡಲಿಲ್ಲ. ಬ್ಯಾಟರಿ ಹೇಗಿದೆ, ಆ್ಯಪ್ ಹೇಗಿದೆ ಅಂತ ಎಲ್ಲರೂ ಬರೆಯುತ್ತಾರೆ. ಅತ್ತೆ, ಯಜಮಾನರು, ಬಂದು ಹೋಗುವ ನೆಂಟರು, ಬೆಂಗಳೂರಲ್ಲಿರುವ ಮಗ, ಇಷ್ಟೂ ಜನರ ನಡುವೆ ಎರಡು ಹೊತ್ತು ಒಲೆ ಮುಂದೆ ನಿಲ್ಲುವ ಹೆಂಗಸಿಗೆ ಇದು ಹೇಗೆ ಅಂತ ಯಾರೂ ಬರೆದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ತುಮಕೂರಿನವಳು, ಹೈಸ್ಕೂಲ್ ಟೀಚರ್. ಟೈಪ್ 2 ಶುಗರ್ ಬಂದು ವರ್ಷಗಳಾದವು. ಮೆಟ್‌ಫಾರ್ಮಿನ್ ಜೊತೆ ಗ್ಲಿಮಿಪಿರೈಡ್ ಮಾತ್ರೆ ನುಂಗುತ್ತೇನೆ, ಇನ್ಸುಲಿನ್ ಇಲ್ಲ. ಈ ಮಾತ್ರೆಗಳ ಹೆಸರು ಯಾಕೆ ಹೇಳಿದೆ ಅಂದರೆ, ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಶುಗರ್ ಲೋ ಆಗುವುದು ತುಂಬಾ ಅಪರೂಪ. ಗ್ಲಿಮಿಪಿರೈಡ್ ತರದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ, ಊಟ ತಡವಾದರೂ ಸಾಕು, ಲೋ ಆಗಬಹುದು. ಸೆನ್ಸರ್ ಯಾರಿಗೆ ಹೆಚ್ಚು ಉಪಯೋಗ ಅನ್ನುವುದು ಇದರ ಮೇಲೇ ನಿಂತಿದೆ.

ಯಾವ ಕಂಪನಿಯದು ಅಂತ ಬರೆಯುತ್ತಿಲ್ಲ. ಈ ಬಗೆಯ ಸೆನ್ಸರ್‌ಗಳೆಲ್ಲ ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ. ನನ್ನದು 14 ದಿನ ನಡೆಯುವಂಥದ್ದು, ಅಗಲ ಮೂರೂವರೆ ಸೆಂಟಿಮೀಟರ್ ಇರಬಹುದು. ತೋಳಿನ ಹಿಂಬದಿಗೆ ಒತ್ತಿದರೆ ಟಕ್ ಅಂತ ಕೂರುತ್ತದೆ. ಕೂದಲಿನಂಥ ಒಂದು ಎಳೆ ಚರ್ಮದ ಒಳಗೆ ಅರ್ಧ ಸೆಂಟಿಮೀಟರ್‌ನಷ್ಟು ಹೋಗಿರುತ್ತದೆ. ನೋವು ಅಂತ ಹೇಳುವಷ್ಟು ನೋವಿಲ್ಲ. ದಿನಾ ಬೆರಳು ಚುಚ್ಚಿಕೊಂಡು ಬೆರಳ ತುದಿ ಗಡುಸಾದವರಿಗೆ ಇದು ಏನೂ ಅನ್ನಿಸುವುದಿಲ್ಲ. ಒಂದು ಗಂಟೆ ಆದ ಮೇಲೆ ಫೋನಿನಲ್ಲಿ ಅಂಕಿ ಬರಲು ಶುರುವಾಗುತ್ತದೆ. ಮಾಳಿಗೆ ಮೇಲೆ ಬಟ್ಟೆ ಒಣಗಿಸಲು ಹೋಗಿ ಫೋನ್ ಕೆಳಗೇ ಉಳಿದರೆ ಸಂಪರ್ಕ ತಪ್ಪುತ್ತದೆ, ಆದರೆ ಗಾಬರಿ ಬೇಡ, ಎಂಟು ಗಂಟೆಯಷ್ಟು ಅಂಕಿಗಳನ್ನು ಸೆನ್ಸರೇ ನೆನಪಿಟ್ಟುಕೊಂಡಿರುತ್ತದೆ, ವಾಪಸ್ ಬಂದ ಮೇಲೆ ನಡುವಿನದೆಲ್ಲ ತುಂಬಿಕೊಳ್ಳುತ್ತದೆ.

ಬೆಲೆ ಮಾತ್ರ ಹೊರೆ. ಬಿ.ಎಚ್. ರಸ್ತೆಯ ಮೆಡಿಕಲ್ ಅಂಗಡಿಯಲ್ಲಿ ಒಂದಕ್ಕೆ 5,000 ರೂಪಾಯಿಗೆ ಹತ್ತಿರ ಕೊಟ್ಟೆ. ಅದೂ ಹೇಳಿ ತರಿಸಬೇಕಾಯಿತು. ತಿಂಗಳಿಗೆ ಎರಡು ಬೇಕಾಗುತ್ತದೆ ಅಂದರೆ ಲೆಕ್ಕ ಹಾಕಿ. ಆ ದುಡ್ಡಿಗೆ ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರ್‌ನ ಸ್ಟ್ರಿಪ್ ಎಷ್ಟೋ ತಿಂಗಳಿಗೆ ಬರುತ್ತದೆ.

ಹೆಂಗಸರಿಗೆ ಒಂದು ಮಾತು, ಇದನ್ನು ಪೆಟ್ಟಿಗೆ ಮೇಲೆ ಎಲ್ಲೂ ಬರೆದಿರುವುದಿಲ್ಲ. ಸೆನ್ಸರನ್ನು ರವಿಕೆ ತೋಳಿನ ಅಂಚು ಬರುವ ಜಾಗಕ್ಕೆ ಅಂಟಿಸಬೇಡಿ. ಕೈ ಎತ್ತಿ ಇಳಿಸಿದಾಗೆಲ್ಲ ಆ ಅಂಚು ಸೆನ್ಸರಿನ ಬದಿಯನ್ನು ಉಜ್ಜುತ್ತಾ ಇರುತ್ತದೆ, ಒಂದು ವಾರದೊಳಗೆ ಅಂಟು ಮೇಲೇಳುತ್ತದೆ. ರವಿಕೆ ತೋಳಿನ ಒಳಗೆ ಪೂರ್ತಿ ಮುಚ್ಚಿಕೊಳ್ಳುವ ಹಾಗೆ ಮೇಲಕ್ಕೆ ಹಾಕಿ, ಇಲ್ಲಾ ಅಂಚಿಗಿಂತ ಎರಡು ಬೆರಳು ಕೆಳಗೆ ಹಾಕಿ. ನನ್ನ ಒಂದು ಸೆನ್ಸರ್ ಸಿಟಿ ಬಸ್ಸಿನ ನೂಕುನುಗ್ಗಲಲ್ಲಿ ಅವಧಿಗೆ ಮೊದಲೇ ಕಿತ್ತು ಬಂತು. ಕಂಪನಿಗೆ ಫೋನ್ ಮಾಡಿದರೆ, ತಾನಾಗೇ ಕೆಟ್ಟರೆ ಬದಲಿ ಕೊಡುತ್ತೇವೆ, ತಗುಲಿ ಕಿತ್ತು ಬಂದರೆ ಇಲ್ಲ ಅಂದರು. ಐದು ಸಾವಿರ ಹಾಗೇ ಹೋಯಿತು. ತುಂಬಾ ಬೇಜಾರಾಯಿತು. ಮೇಲೆ ಒಂದು ಅಂಟುಪಟ್ಟಿ ಹಾಕಿಕೊಂಡರೆ ಇದನ್ನು ತಪ್ಪಿಸಬಹುದು.

ಈಗ ಅಂಕಿ ಎಷ್ಟು ಸರಿ ಅನ್ನುವ ವಿಷಯ. ಇದು ರಕ್ತದ ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ. ಚರ್ಮದ ಕೆಳಗೆ ಜೀವಕೋಶಗಳ ನಡುವೆ ಇರುವ ನೀರಿನಂಶದ ಸಕ್ಕರೆಯನ್ನು ಅಳೆಯುತ್ತದೆ. ರಕ್ತದಿಂದ ಅಲ್ಲಿಗೆ ಸಕ್ಕರೆ ತಲುಪಲು ಐದು ಹತ್ತು ನಿಮಿಷ ಹಿಡಿಯುತ್ತದೆ. ಸುಮ್ನೆ ಕೂತಿರುವಾಗ ಎರಡೂ ಹತ್ತಿರ ಹತ್ತಿರ ಇರುತ್ತವೆ. ಊಟ ಮಾಡಿದ ಮೇಲೆ ಏರುವಾಗ, ಲೋ ಆಗಿ ಇಳಿಯುವಾಗ ವ್ಯತ್ಯಾಸ ಜಾಸ್ತಿ. ಮೊದಲ ದಿನದ ಅಂಕಿ ಅಷ್ಟು ನಂಬಿಕೆಗೆ ಬರುವುದಿಲ್ಲ. ಆ ಕೈ ಮೇಲೆ ಮಗ್ಗುಲಾಗಿ ಮಲಗಿದರೆ ಒತ್ತಡಕ್ಕೆ ರಾತ್ರಿ ಎರಡು ಗಂಟೆಗೆ ಸುಳ್ಳು ಲೋ ಅಲಾರಂ ಹೊಡೆದು ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ವಿಟಮಿನ್ ಸಿ ಮಾತ್ರೆ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡರೆ ಕೆಲವು ಸೆನ್ಸರ್‌ಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಹಾಗಾಗಿ ಗ್ಲುಕೋಮೀಟರನ್ನು ಅಟ್ಟಕ್ಕೆ ಹಾಕಬೇಡಿ. ಮೈಗೆ ಒಂದು ಅನ್ನಿಸಿ ಫೋನು ಇನ್ನೊಂದು ತೋರಿಸಿದರೆ, ಬೆರಳು ಚುಚ್ಚಿ ನೋಡಿಯೇ ಮುಂದಿನ ಕೆಲಸ.

ಸೆನ್ಸರಿನ ನಿಜವಾದ ಬೆಲೆ ನನಗೆ ಗೊತ್ತಾಗಿದ್ದು ಯುಗಾದಿ ದಿನ. ಗುಬ್ಬಿ ಕಡೆಯ ನಮ್ಮ ಯಜಮಾನರ ಊರಲ್ಲಿ ಎಲ್ಲರೂ ಸೇರಿದ್ದೆವು. ಪೂಜೆ ಆಗಿ ಬೇವುಬೆಲ್ಲ ತಿನ್ನುವವರೆಗೆ ಹೆಂಗಸರು ಏನೂ ಬಾಯಿಗೆ ಹಾಕುವ ಹಾಗಿಲ್ಲ. ಬೆಳಗಿನ ಮಾತ್ರೆ ನುಂಗಿಯಾಗಿತ್ತು. ಬರಬೇಕಾದವರು ಬರುವುದು ತಡ, ಪೂಜೆಯೂ ತಡ. ನಾನು ಹೂರಣ ಉಂಡೆ ಕಟ್ಟುತ್ತಾ ಕೂತಿದ್ದೆ. ಕೈ ನಡುಗಲು ಶುರುವಾಯಿತು, ಕಣಕ ಬೆರಳಿಗೆ ಸಿಗುತ್ತಿಲ್ಲ, ಹಣೆ ಮೇಲೆ ತಣ್ಣಗೆ ಬೆವರು. ಇಂಥದ್ದು ಮೊದಲೂ ಆಗಿದೆ. ಆಗೆಲ್ಲ ನಾನು ಹೇಳಿದರೆ, 'ಹಸಿವು ಎಲ್ಲರಿಗೂ ಆಗುತ್ತೆ ಕಣಮ್ಮ, ಇನ್ನೇನು ಆಯ್ತು' ಅನ್ನುವ ಉತ್ತರ ಬರುತ್ತಿತ್ತು. ಕೆಟ್ಟ ಮನಸ್ಸಿಂದ ಅಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಈ ಸಲ ಫೋನು ಜೋರಾಗಿ ಕಿರುಚಿತು. ಪರದೆ ಕೆಂಪಾಗಿ 64 ಅಂತ ತೋರಿಸಿ, ಪಕ್ಕದಲ್ಲಿ ಕೆಳಮುಖದ ಬಾಣ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. 70ಕ್ಕಿಂತ ಕೆಳಗೆ ಹೋಗಬಾರದು ಅತ್ತೆ ಅಂತ ಅಷ್ಟೇ ಹೇಳಿದೆ. 'ದೇವರು ಕಾಯ್ತಾನೆ, ನೀನು ಮೊದಲು ಏನಾದ್ರೂ ಕುಡಿ' ಅಂದು ತಾವೇ ಎದ್ದು ಲೋಟಕ್ಕೆ ಸಕ್ಕರೆ ಹಾಕಿ ಕಲಸಿದರು.

ಆಮೇಲೆ ನಡೆದದ್ದನ್ನೂ ಹೇಳಬೇಕು. ಸೆನ್ಸರ್ ಕೊಳ್ಳುವವರಿಗೆ ಇದು ಮುಖ್ಯ. ಲೋ ಆದಾಗ 15 ಗ್ರಾಂನಷ್ಟು ಬೇಗ ಕರಗುವ ಸಕ್ಕರೆ ತೆಗೆದುಕೊಂಡು 15 ನಿಮಿಷ ಕಾಯಬೇಕು ಅನ್ನುವುದು ಡಾಕ್ಟರು ಹೇಳಿಕೊಡುವ ಲೆಕ್ಕ. ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿದರೆ ಸರಿಸುಮಾರು ಅಷ್ಟಾಗುತ್ತದೆ. ಲಾಡು, ಚಾಕೊಲೇಟ್ ಆ ಹೊತ್ತಿಗೆ ಸರಿಯಿಲ್ಲ, ಅದರಲ್ಲಿರುವ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ನಾನು ಕುಡಿದು ಕೂತೆ. ಫೋನು ಮಾತ್ರ 62, ಆಮೇಲೆ 61 ಅಂತ ಇನ್ನೂ ಇಳಿಯುತ್ತಲೇ ಇತ್ತು. ಅತ್ತೆಗೆ ಗಾಬರಿ, ನಾದಿನಿಗೆ ಗಾಬರಿ, ಇನ್ನೊಂದು ಲೋಟ ತಂದರು, ಒಬ್ಬಟ್ಟೂ ತಂದರು. ನಾನು ಬೆರಳು ಚುಚ್ಚಿ ನೋಡಿದರೆ ಗ್ಲುಕೋಮೀಟರ್ 88 ತೋರಿಸುತ್ತಿತ್ತು. ಸೆನ್ಸರ್ ಹಿಂದೆ ಉಳಿದಿತ್ತು, ಅಷ್ಟೇ. ಇನ್ನೊಂದು ಲೋಟ ಕುಡಿದಿದ್ದರೆ ಮಧ್ಯಾಹ್ನ 250 ದಾಟುತ್ತಿತ್ತು. ಮನೆಯವರಿಗೆ ಈ ಹತ್ತು ನಿಮಿಷದ ವ್ಯತ್ಯಾಸವನ್ನು ಮೊದಲೇ ಹೇಳಿಡಿ, ದಯವಿಟ್ಟು. ಆ ದಿನದಿಂದ ಅತ್ತೆ ಹಬ್ಬದ ಬೆಳಿಗ್ಗೆ ನನಗೆ ಒಂದು ಲೋಟ ಗಂಜಿ ಮೊದಲೇ ಕೊಡುತ್ತಾರೆ, ಯಾರಾದರೂ ಏನಾದರೂ ಅಂದರೆ ಅವರೇ ಉತ್ತರ ಹೇಳುತ್ತಾರೆ. ವರ್ಷಗಟ್ಟಲೆ ಬಾಯಲ್ಲಿ ಹೇಳಿದ್ದು ನಾಟಿರಲಿಲ್ಲ, ಒಂದು ಕೆಂಪು ಅಂಕಿ ನಾಟಿಸಿತು. ನನ್ನ ಪಾಲಿಗೆ ಐದು ಸಾವಿರ ವಸೂಲಾಗಿದ್ದು ಅಲ್ಲೇ.

ಊಟದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಎರಡು ನಂಬಿಕೆ ಗಟ್ಟಿಯಾಗಿ ಕೂತಿವೆ. ಬೆಲ್ಲದ್ದು ತಿಂದರೆ ಏನೂ ಆಗಲ್ಲ, ಮತ್ತು ಮುದ್ದೆ ತಿಂದರೆ ಶುಗರ್ ಏರಲ್ಲ. ಬೆಲ್ಲದ ಬಹುಪಾಲು ಸಕ್ಕರೆಯೇ, ಫೋನಿನಲ್ಲಿ ಕಾಣುವ ಶುಗರ್ ಗೆರೆ ಅದಕ್ಕೂ ಹಾಗೇ ಮೇಲೆ ಹೋಗುತ್ತದೆ. ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡು ತಿಂದಾಗ ಇನ್ನೊಂದು ಸಂಗತಿ ಕಂಡಿತು. ತಿಂದು ಎರಡು ಗಂಟೆ ಆದ ಮೇಲೆ ನೋಡಿದರೆ ಅಂಕಿ ಪರವಾಗಿಲ್ಲ ಅನ್ನುವ ಹಾಗಿತ್ತು, ಅದಾದ ಮೇಲೆ ನಿಧಾನವಾಗಿ ಏರಿ ಸಂಜೆ ತನಕ ಕೆಳಗೆ ಇಳಿಯಲೇ ಇಲ್ಲ. ಜಿಡ್ಡಿನ ಊಟ ಹಾಗೆಯೇ, ಏರಿಕೆಯನ್ನು ಮುಂದಕ್ಕೆ ತಳ್ಳುತ್ತದೆ. ಊಟವಾದ ಎರಡು ಗಂಟೆಗೆ ಬೆರಳು ಚುಚ್ಚಿ ನೋಡುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ.

ಮುದ್ದೆ ಬಗ್ಗೆ ಬರೆದರೆ ನಮ್ಮೂರವರಿಗೆ ಸಿಟ್ಟು ಬರಬಹುದು. ರಾಗಿ ಒಳ್ಳೆಯ ಧಾನ್ಯ, ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ನಾರೂ ಇದೆ. ಆದರೆ ಅದೇ ನೂರು ಗ್ರಾಂನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟೂ ಇದೆ, ಹೆಚ್ಚಿನದು ಪಿಷ್ಟವೇ. ದೊಡ್ಡ ಮುದ್ದೆ ನುಂಗಿದರೆ ನನ್ನ ಸಕ್ಕರೆ ಅನ್ನ ತಿಂದಷ್ಟೇ ಏರುತ್ತದೆ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ, ಅದಕ್ಕೆ ಮೊದಲು ಬಸ್ಸಾರಿನ ಪಲ್ಯ ಒಂದು ಬಟ್ಟಲು, ಅವರೆಕಾಳೋ ಹೆಸರುಕಾಳೋ ಜೊತೆಗೆ, ಹೀಗೆ ತಿಂದ ದಿನ ಗೆರೆ 160ರ ಹತ್ತಿರ ನಿಂತಿತು. ಸೊಪ್ಪು ಕಾಳು ಮೊದಲು, ಮುದ್ದೆ ಆಮೇಲೆ. ತಿನ್ನುವ ಪದಾರ್ಥ ಅವೇ, ಸರದಿ ಬದಲಾದರೆ ಸಾಕು, ಏರಿಕೆ ತಗ್ಗುತ್ತದೆ. ಹೊಸತೊಡಕಿನ ದಿನ ಬಾಡಿನ ಸಾರಿಗೆ ಚಿಕ್ಕ ಮುದ್ದೆ ತಿಂದೆ, ಹಿಂದಿನ ದಿನದ ಒಬ್ಬಟ್ಟಿನ ಮುಂದೆ ಅದು ಎಷ್ಟೋ ಸಲೀಸಾಗಿತ್ತು.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಡಲು ನನ್ನಿಂದ ಆಗುವುದಿಲ್ಲ. ಬಿಡಬೇಕಾಗಿಯೂ ಇಲ್ಲ. ಸಿದ್ಧಗಂಗಾ ಮಠಕ್ಕೆ ಹೋಗಿ ಬರುವಾಗ ಅಲ್ಲಿ ನಿಲ್ಲುವುದು ನಮ್ಮ ಮನೆಯ ರೂಢಿ. ಒಂದು ತಟ್ಟೆ ಇಡ್ಲಿ ಅಂದರೆ ಮಾಮೂಲಿ ಇಡ್ಲಿ ಎರಡು ಮೂರಕ್ಕೆ ಸಮ. ಎರಡು ತಿಂದ ದಿನ 240 ದಾಟಿತು. ಒಂದೇ ತಿಂದು, ಚಟ್ನಿ ಜಾಸ್ತಿ ಹಾಕಿಸಿಕೊಂಡು, ಕಾರು ಹತ್ತುವ ಮೊದಲು ಕಾಲು ಗಂಟೆ ಅಲ್ಲೇ ನಡೆದಾಡಿದ ದಿನ 180ರೊಳಗೇ ಉಳಿಯಿತು. ನಡೆದ ಗುಣ ಫೋನಿನಲ್ಲಿ ಕಣ್ಣೆದುರೇ ಕಾಣುತ್ತದೆ, ಏರುತ್ತಿದ್ದ ಬಾಣ ಅಡ್ಡವಾಗುತ್ತದೆ. ಇದನ್ನು ನೋಡಿದ ಮೇಲೆ ನಮ್ಮ ಯಜಮಾನರೇ, ಅವರಿಗೆ ಶುಗರ್ ಇಲ್ಲ, ಊಟ ಆದ ತಕ್ಷಣ ಬಾ ಒಂದು ಸುತ್ತು ಹೋಗೋಣ ಅನ್ನುತ್ತಾರೆ. ಚೇಳೂರಿನ ಸಿದ್ದು ತಳಿಯ ಹಲಸಿನ ತೊಳೆಗೂ ಇದೇ ಲೆಕ್ಕ, ಎರಡು ಮೂರು ತೊಳೆಗೆ ಕೈ ತೊಳೆದುಕೊಳ್ಳಬೇಕು. ಇವೆಲ್ಲ ನನ್ನ ಮೈಯ ಅಂಕಿ, ನಿಮ್ಮದು ಬೇರೆ ಇರುತ್ತದೆ. ನಿಮ್ಮದನ್ನು ನೀವೇ ನೋಡಿಕೊಳ್ಳಬಹುದು ಅನ್ನುವುದೇ ಇದರ ದೊಡ್ಡ ಗುಣ.

ಆ್ಯಪ್‌ನಲ್ಲಿ ಒಂದು ಬಣ್ಣದ ಪಟ್ಟಿ ಬರುತ್ತದೆ, ದಿನದಲ್ಲಿ ಎಷ್ಟು ಹೊತ್ತು ಸಕ್ಕರೆ 70ರಿಂದ 180ರ ಒಳಗಿತ್ತು ಅಂತ. ಶುಗರ್ ಇರುವ ಬಹುತೇಕ ವಯಸ್ಕರಿಗೆ ಅದು ನೂರಕ್ಕೆ 70ಕ್ಕಿಂತ ಹೆಚ್ಚಿರಬೇಕು, ಅಂದರೆ 24 ಗಂಟೆಯಲ್ಲಿ 17 ಗಂಟೆಯಷ್ಟು. ವಯಸ್ಸಾದವರಿಗೆ, ಲೋ ಆಗುವ ಅಪಾಯ ಇರುವವರಿಗೆ 50 ಸಾಕು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗಿಂತ ಇದು ಮನೆಯವರಿಗೆ ಬೇಗ ಅರ್ಥವಾಗುತ್ತದೆ. ಹಸಿರು ಜಾಸ್ತಿ ಇದ್ದರೆ ಸರಿ, ಅಷ್ಟೇ.

ಇನ್ನು ಮಗನ ವಿಷಯ. ಅಂಕಿಯನ್ನು ಬೇರೆಯವರ ಫೋನಿಗೂ ಕಳಿಸುವ ಸೌಲಭ್ಯ ಇದರಲ್ಲಿದೆ. ಬೆಂಗಳೂರಲ್ಲಿ ಕೆಲಸ ಮಾಡುವ ಮಗ ಅದನ್ನು ತನ್ನ ಫೋನಿಗೆ ಹಾಕಿಕೊಂಡ. ನನಗೂ ಧೈರ್ಯ ಅನ್ನಿಸಿತು. ಆದರೆ ಸ್ವಲ್ಪ ದಿನಕ್ಕೇ ಅದು ಬೇರೆ ರೂಪ ತಾಳಿತು. 190 ಆದ ತಕ್ಷಣ ಫೋನು. 'ಅಮ್ಮ, ಏನ್ ತಿಂದೆ?' ನಾನು ಪಾಠ ಮಾಡುತ್ತಿರುವಾಗ ಮೆಸೇಜ್, ಸೊಸೆಯಿಂದ ಮೆಸೇಜ್. ಇತ್ತ ಮನೆಯಲ್ಲಿ ನೆಂಟರು ಬಂದರೆ ಫೋನು ಕೈಯಿಂದ ಕೈಗೆ ಹೋಗುತ್ತಿತ್ತು, ಎಷ್ಟಿದೆ ನೋಡೋಣ ಅಂತ. ತಟ್ಟೆಗೆ ಕೈ ಹಾಕಿದರೆ ಸಾಕು ನಾಲ್ಕು ಜೊತೆ ಕಣ್ಣು. ಮೊದಲು 'ಒಂದು ತುಂಡು ತಿಂದ್ರೆ ಏನಾಗಲ್ಲ' ಅನ್ನುತ್ತಿದ್ದವರೇ ಈಗ 'ಅದನ್ನ ಮುಟ್ಟಬೇಡಿ' ಅಂತ ಶುರುಮಾಡಿದರು. ಎರಡೂ ಒಂದೇ ರೀತಿ ಹಿಂಸೆ. ಸಕ್ಕರೆ ಬರೀ ತಿಂದದ್ದಕ್ಕೆ ಏರುವುದಿಲ್ಲ. ನಿದ್ದೆ ಕೆಟ್ಟರೆ ಏರುತ್ತದೆ, ಜ್ವರ ಬಂದರೆ ಏರುತ್ತದೆ, ಜಗಳಕ್ಕೂ ಏರುತ್ತದೆ, ಕೆಲವರಿಗೆ ಏನೂ ತಿನ್ನದೆ ಬೆಳಗಿನ ಜಾವಕ್ಕೂ ಏರುತ್ತದೆ. ಇದನ್ನು ಪ್ರತಿ ಸಲ ಎಲ್ಲರಿಗೂ ವಿವರಿಸುತ್ತಾ ಕೂರಲು ಆಗುತ್ತದಾ?

ಮಗ ಊರಿಗೆ ಬಂದಾಗ ಕೂರಿಸಿಕೊಂಡು ಹೇಳಿದೆ. ಲೋ ಆದರೆ ನಿನಗೆ ಗೊತ್ತಾಗಲಿ ಕಣೋ, ಆಗ ನನಗೆ ಮಾತಾಡಲು ಆಗದೇ ಇರಬಹುದು. ಏರಿದ್ದು ನನಗೂ ಡಾಕ್ಟರಿಗೂ ಬಿಡು. ಅವನು ಸ್ವಲ್ಪ ಮುಖ ಸಣ್ಣ ಮಾಡಿಕೊಂಡ, ಆಮೇಲೆ ಒಪ್ಪಿದ. ಅವನ ಫೋನಿನಲ್ಲಿ ಹೈ ಅಲಾರಂ ತೆಗೆದು ಲೋ ಅಲಾರಂ ಮಾತ್ರ ಉಳಿಸಿದೆವು. ಈಗ ಫೋನು ಮಾಡಿದರೆ ಊರ ಸುದ್ದಿ ಮಾತಾಡುತ್ತಾನೆ. ಈ ಹಂಚಿಕೆಯನ್ನು ಬೇಕಾದಾಗ ಪೂರ್ತಿ ನಿಲ್ಲಿಸಲೂಬಹುದು, ಸೆಟ್ಟಿಂಗ್ಸ್‌ನಲ್ಲಿದೆ. ಕೊಳ್ಳುವ ಮೊದಲೇ ಮನೆಯಲ್ಲಿ ಈ ಮಾತು ಆಡಿಕೊಂಡರೆ ಒಳ್ಳೆಯದು.

ಸ್ಕೂಲಲ್ಲಿ ಆದ ಒಂದು ಸಂಗತಿ ಬರೆಯದೆ ಇರಲು ಆಗುತ್ತಿಲ್ಲ. ಸ್ಟಾಫ್ ರೂಮಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು. ನಾನು ತೋಳು ತೋರಿಸಿ, ಇವತ್ತು ಬೇಡ, ಈಗಾಗಲೇ ಮೇಲಿದೆ ಅಂದೆ, ಯಾರೂ ಒತ್ತಾಯ ಮಾಡಲಿಲ್ಲ, ಅಷ್ಟಕ್ಕೇ ಮುಗಿಯಿತು. ಸಂಜೆ ಗೇಟಿನ ಹತ್ತಿರ ಸಹೋದ್ಯೋಗಿ ಒಬ್ಬರು ಮೆಲ್ಲಗೆ ಬಂದು, 'ಮೇಡಂ, ಅದು ಎಲ್ಲಿ ಸಿಗುತ್ತೆ?' ಅಂತ ಕೇಳಿದರು. ಅವರಿಗೂ ಶುಗರ್ ಇದೆಯಂತೆ. ಗಂಡನಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಮಗಳಿಗೆ ಗಂಡು ನೋಡುತ್ತಿದ್ದಾರೆ, ಅದಕ್ಕೆ. ಮಾತ್ರೆಯನ್ನು ಬಾತ್‌ರೂಮಿಗೆ ಹೋಗಿ ನುಂಗುತ್ತಾರಂತೆ. ನನಗೆ ಕರುಳು ಚುರುಕ್ ಅಂತು. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಶುಗರ್ ಇದೆ. ಗಂಡಿನ ಮನೆಯಲ್ಲೂ ಒಬ್ಬರಿಗಾದರೂ ಇರುವುದಿಲ್ಲವಾ? ಮನೆಯವರಿಗೆ, ಜೊತೆಗೆ ಕೆಲಸ ಮಾಡುವವರಿಗೆ ಗೊತ್ತಿಲ್ಲದಿದ್ದರೆ, ಲೋ ಆದಾಗ ಸಕ್ಕರೆ ನೀರು ಕೊಡಬೇಕು ಅಂತ ಯಾರಿಗೆ ಹೊಳೆಯುತ್ತದೆ? ಅವರಿಗೆ ನಾನು ಸೆನ್ಸರ್ ಕೊಳ್ಳಿ ಅಂತ ಹೇಳಲಿಲ್ಲ. ಅವರದು ಮೆಟ್‌ಫಾರ್ಮಿನ್ ಮಾತ್ರ, ಅವರಿಗೆ ಅಷ್ಟು ಖರ್ಚು ಈಗ ಬೇಡ. ನನಗೆ ಹೇಳಿದ ಹಾಗೆ ಇನ್ನೊಬ್ಬರಿಗೂ ಹೇಳಿ ಅಂದೆ.

ಯಾರು ಕೊಳ್ಳಬೇಕು ಅಂತ ಕೇಳಿದರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಪದೇ ಪದೇ ಲೋ ಆಗುವವರು, ಟೈಪ್ 1 (ಮೈಯಲ್ಲಿ ಇನ್ಸುಲಿನ್ ತಯಾರಾಗದ ಶುಗರ್) ಇರುವ ಮಕ್ಕಳ ಅಪ್ಪ ಅಮ್ಮ, ಇವರಿಗೆ ದುಡ್ಡಿನ ಅನುಕೂಲ ಇದ್ದರೆ ಯೋಚನೆ ಮಾಡುವುದೇ ಬೇಡ. ನನ್ನಂಥವರಿಗೆ ವರ್ಷದಲ್ಲಿ ಕೆಲವು ಸಲ ಸಾಕು, ಮಾತ್ರೆ ಬದಲಾದಾಗ, ಹಬ್ಬ ಮದುವೆ ಸಾಲಾಗಿ ಬಂದಾಗ. ಉಳಿದ ದಿನಕ್ಕೆ ಗ್ಲುಕೋಮೀಟರ್ ಇದೆ. ಅಂಕಿ ನೋಡಿ ನೋಡಿ ನಿದ್ದೆಗೆಡುವ ಸ್ವಭಾವದವರು, ಊಟ ಅಂದರೆ ಹೆದರುವ ಹಾಗೆ ಆಗಿರುವವರು, ಡಾಕ್ಟರ ಹತ್ತಿರ ಮಾತಾಡದೆ ಹಾಕಿಸಿಕೊಳ್ಳಬೇಡಿ. ಆ್ಯಪ್ ನೋಡಿಕೊಂಡು ಮಾತ್ರೆ ಕಡಿಮೆ ಮಾಡುವುದು, ಬಿಡುವುದು ಯಾರೂ ಮಾಡಬೇಡಿ. ಇನ್ನೂ ಪರೀಕ್ಷೆಯನ್ನೇ ಮಾಡಿಸದವರಿಗೆ ಇದು ಯಾವುದೂ ಬೇಡ, ವಯಸ್ಸು 30 ದಾಟಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಅಂಟುಜಾಡ್ಯವಲ್ಲದ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಶುಗರ್, ಬಿ.ಪಿ. ಪುಕ್ಕಟೆ ನೋಡುತ್ತಾರೆ, ಮೊದಲು ಅಲ್ಲಿಗೆ ಹೋಗಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದಿದ್ದು ಬೆಲೆಗೆ ಮತ್ತು ಆ ಅಂಟಿಗೆ. ಮುಂದಿನದನ್ನು ಶ್ರಾವಣಕ್ಕೆ ಹೇಳಿಟ್ಟಿದ್ದೇನೆ, ವರಮಹಾಲಕ್ಷ್ಮಿ, ಗೌರಿ ಗಣೇಶ ಸಾಲಾಗಿ ಬರುತ್ತವೆ. ಆ ದಿನಗಳಲ್ಲಿ ಉಪವಾಸ ಎಷ್ಟು ಹೊತ್ತು ತಡೆಯಬಹುದು, ಮಾತ್ರೆ ಯಾವಾಗ ನುಂಗಬೇಕು ಅಂತ ಈ ಸಲ ಡಾಕ್ಟರ ಹತ್ತಿರ ಮೊದಲೇ ಕೇಳಿ ಬರೆಸಿಕೊಂಡು ಬರಬೇಕು, ಅತ್ತೆಯೂ ಜೊತೆಗೆ ಬರುತ್ತೇನೆ ಅಂದಿದ್ದಾರೆ.